ಮಂಜುನಾಥ ಬಿನ್ ವೆಂಕಟಪ್ಪನನ್ನು ಕಂಪ್ಯೂಟರ್‌ನಲ್ಲಿ ಹುಡುಕಿದ್ದು

ಕೋಲಾರದ ಕಡೆ ಕೆಲಸ ಮಾಡಿದವರಿಗೆ ಗೊತ್ತು, ಅಲ್ಲಿ ಕಳ್ಳ ಒಂದೇ ರಾತ್ರಿಯಲ್ಲಿ ಮೂರು ರಾಜ್ಯ ಸುತ್ತಿ ಬರಬಹುದು. ಅವನ ಮೇಲೆ ಆಚೆ ರಾಜ್ಯದಲ್ಲಿ ಕೇಸು ಇದೆಯಾ ಅಂತ ತಿಳಿಯಲು ಪೊಲೀಸರಾದ ನಮಗೆ ಮಾತ್ರ ಫೋನು, ಪತ್ರ, ಪರಿಚಯದವರು ಎಲ್ಲಾ ಬೇಕಿತ್ತು. ದೇಶದ ಪೊಲೀಸ್ ಸ್ಟೇಷನ್‌ಗಳನ್ನೆಲ್ಲ ಒಂದೇ ಜಾಲಕ್ಕೆ ತರುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ 2009ರಲ್ಲಿ ಒಪ್ಪಿಗೆ ಕೊಟ್ಟಿತು. ಕರ್ನಾಟಕದಲ್ಲಿ ನಮ್ಮದೇ ‘ಪೊಲೀಸ್ ಐಟಿ’ ಅನ್ನೋ ಕಂಪ್ಯೂಟರ್ ವ್ಯವಸ್ಥೆ ಇತ್ತು. ಅದನ್ನು ಉಳಿಸಿಕೊಂಡೇ ಅದರ ಮಾಹಿತಿಯನ್ನು ರಾಷ್ಟ್ರೀಯ ಜಾಲಕ್ಕೆ ಕಳಿಸುವ ವ್ಯವಸ್ಥೆ ಆಯಿತು. ನಾನು ಜಿಲ್ಲೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ.

ಲೈನು, ಸರ್ವರ್ ಎಲ್ಲಾ ಹೇಗೋ ಬಂತು. ಹುಡುಕಲು ಕೂತಾಗ ತಲೆನೋವು ಶುರುವಾಯಿತು. ನಮ್ಮ ಎಫ್‌ಐಆರ್‌ನಲ್ಲಿ ‘ಮಂಜುನಾಥ ಬಿನ್ ವೆಂಕಟಪ್ಪ’. ತಮಿಳುನಾಡಿನ ಹೊಸೂರು ಕಡೆ ಅದೇ ಆಸಾಮಿ ‘ವಿ. ಮಂಜುನಾಥನ್’, ಅಪ್ಪ ಬರೀ ಒಂದು ಇನಿಷಿಯಲ್. ಆಂಧ್ರದಲ್ಲಿ ಮನೆತನದ ಹೆಸರು ಮೊದಲು. ಇಂಗ್ಲಿಷ್‌ನಲ್ಲಿ ಬರೆಯುವಾಗ ಒಬ್ಬರು ಎಚ್ ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ವಯಸ್ಸಂತೂ ಕೇಳಬೇಡಿ. 2011ರಲ್ಲಿ ‘28 ವರ್ಷ’ ಅಂತ ಬರೆದರೆ ಕಂಪ್ಯೂಟರ್‌ನಲ್ಲಿ ಅವನಿಗೆ ಇವತ್ತಿಗೂ 28!

ಹಾಗಾಗಿ ಠಾಣೆಯ ದಾಖಲೆ ಬರೆಯುವ ಸ್ಟೇಷನ್ ರೈಟರ್‌ಗಳನ್ನು ಕೂರಿಸಿಕೊಂಡು ನಾಲ್ಕೇ ವಿಷಯ ಹಿಡಿದೆವು. ಇನಿಷಿಯಲ್ ಬೇಡ, ತಂದೆಯ ಪೂರ್ತಿ ಹೆಸರು ಬೇಕು. ವಯಸ್ಸಿನ ಜೊತೆ ಹುಟ್ಟಿದ ವರ್ಷ. ಊರನ್ನು ಟೈಪ್ ಮಾಡದೆ ಪಟ್ಟಿಯಿಂದಲೇ ಆರಿಸಬೇಕು. ಅಲಿಯಾಸ್ ಇದ್ದರೆ ಅದರದೇ ಜಾಗದಲ್ಲಿ. “ಸಾರ್, ಬಂದೋಬಸ್ತ್ ಡ್ಯೂಟಿ ಮುಗಿಸಿ ರಾತ್ರಿ ಕೂತು ಇದೆಲ್ಲಾ ಯಾರು ತುಂಬ್ತಾರೆ?” ಅಂದರು ಒಬ್ಬ ಹೆಡ್ ಕಾನ್‌ಸ್ಟೇಬಲ್. ನ್ಯಾಯವಾದ ಮಾತೇ. ಸುಮ್ನೆ ಸುತ್ತೋಲೆ ಕಳಿಸಿದ್ದರೆ ಯಾರೂ ಮಾಡುತ್ತಿರಲಿಲ್ಲ. ಹಾಳಾದ ಎಂಟ್ರಿಯನ್ನು ಅವರ ಎದುರೇ ಹುಡುಕಿ, ಸಿಗದೇ ಇರುವುದನ್ನು ತೋರಿಸಿದ ಮೇಲೆ ದಾರಿಗೆ ಬಂದರು.

ಬೈಕ್ ಕಳವಿನ ಕೇಸುಗಳಲ್ಲಿ ಬೇಗ ಫಲ ಸಿಕ್ಕಿತು. ಕಳ್ಳರು ನಂಬರ್ ಪ್ಲೇಟ್ ಬದಲಿಸುತ್ತಾರೆ, ಚಾಸಿ ನಂಬರ್ ಬದಲಿಸುವವರು ಕಡಿಮೆ. ಆದರೆ ಅದರಲ್ಲಿ ಸೊನ್ನೆ ಇರುವ ಕಡೆ ಇಂಗ್ಲಿಷ್ ‘ಓ’ ಬಿದ್ದರೆ ಮುಗಿಯಿತು, ಗಾಡಿ ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತಾ ನಿಂತಿದ್ದರೂ ಪಕ್ಕದ ಜಿಲ್ಲೆಯವರಿಗೆ ಕಾಣಿಸುವುದಿಲ್ಲ. ಆರ್‌ಸಿ ಪಕ್ಕದಲ್ಲಿಟ್ಟುಕೊಂಡು ಒಬ್ಬರು ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು. ಬೇರೆ ಉಪಾಯ ನನಗೆ ಹೊಳೆಯಲಿಲ್ಲ.

‘ನುಡಿ’ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಹಳೇ ಫೈಲುಗಳದ್ದು ಇನ್ನೊಂದು ಕಥೆ. ಯೂನಿಕೋಡ್‌ಗೆ ತಿರುಗಿಸಿದರೆ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಹಾರುತ್ತಿದ್ದವು. ಹೆಸರು, ಊರು ಮಾತ್ರ ಕೈಯಾರೆ ತಿದ್ದಿ, ಉಳಿದದ್ದನ್ನು ಹಾಗೇ ಬಿಟ್ಟೆವು.

2022ರಲ್ಲಿ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆ ನಾಫಿಸ್ ಬಂತು. ಬಂಧಿತನ ಬೆರಳಚ್ಚಿಗೆ ಹತ್ತು ಅಂಕಿಯ ರಾಷ್ಟ್ರೀಯ ಸಂಖ್ಯೆ. ಬೆರಳಿಗೆ ಸ್ಪೆಲ್ಲಿಂಗ್ ಇಲ್ಲ ನೋಡಿ, ನನ್ನ ಪ್ರಕಾರ ಇದು ಮೊದಲೇ ಬರಬೇಕಿತ್ತು. ಆದರೂ ಬೆರಳಚ್ಚು ಕೊಡದೆ ತಪ್ಪಿಸಿಕೊಂಡವನನ್ನು ಹೆಸರಿನಿಂದಲೇ ಹುಡುಕಬೇಕು.

ಈಗ ಕಳ್ಳತನದ ಹಳೇ ಕೇಸು ಹುಡುಕುವವರು ಒಂದು ನೆನಪಿಡಿ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳ್ಳತನಕ್ಕೆ ಅದರ ಕಲಂ 303(2) ಮಾತ್ರ ಹಾಕಿದರೆ ಅದಕ್ಕೂ ಮುಂಚಿನ ಕೇಸು ಬರುವುದಿಲ್ಲ. ಹಳೇ ಕಲಂ ಐಪಿಸಿ 379 ಹಾಕಿ ಇನ್ನೊಮ್ಮೆ ಹುಡುಕಿ.