ಬೆಳ್ಳಗಿದ್ದದ್ದೆಲ್ಲ ಸ್ಟೇನ್‌ಲೆಸ್ ಅಲ್ಲ

ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ, ಈಗ ಇರುವುದು ಅಮೆರಿಕದ ಒಹಾಯೊದಲ್ಲಿ. ಹಳೆಯ ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರ್‌ಗಳನ್ನು ಸಂಗ್ರಹಿಸುತ್ತೇನೆ. ಶುರುವಿನಲ್ಲೇ ಒಂದು ಏಟು ತಿಂದೆ. ಗನ್ ಶೋ ಒಂದರಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಸಣ್ಣ ರಿವಾಲ್ವರ್ ಕಂಡಿತು. 'ಮಾಡೆಲ್ 60, ಸ್ಟೇನ್‌ಲೆಸ್' ಅಂದರು, ನಂಬಿ ತಂದೆ. ಅದು ಆಗಸ್ಟ್ ತಿಂಗಳು, ಮೈಯೆಲ್ಲ ಜಿಗುಟಾಗುವ ಸೆಕೆ. ಮೂರು ವಾರ ಬಿಟ್ಟು ಡಬ್ಬಿ ತೆಗೆದರೆ ಅದರ ಪಕ್ಕೆಯ ಮೇಲೆ ನನ್ನದೇ ಹೆಬ್ಬೆರಳಿನ ಗುರುತು, ಒಂದೊಂದು ಗೆರೆಯನ್ನೂ ಎಣಿಸುವಷ್ಟು ಸ್ಪಷ್ಟವಾಗಿ, ಕಿತ್ತಳೆ ಬಣ್ಣದ ತುಕ್ಕಿನಲ್ಲಿ ಮೂಡಿತ್ತು. ಸ್ಟೇನ್‌ಲೆಸ್‌ಗೆ ತುಕ್ಕೇ ಹಿಡಿಯಲ್ಲ ಅಂತ ಏನಿಲ್ಲ. ಆದರೆ ಒಂದು ಸಲ ಮುಟ್ಟಿದ್ದಕ್ಕೆ ಹೀಗಾಗಲ್ಲ.

ಆಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಗುಂಡು ಕೂರುವ ಸಿಲಿಂಡರನ್ನು ಹೊರಗೆ ಹೊರಳಿಸಿ, ಗುಂಡಿಲ್ಲ ಅಂತ ಎರಡು ಸಲ ನೋಡಿಕೊಂಡೆ. ಸಿಲಿಂಡರನ್ನು ಹಿಡಿದಿರುವ ತೋಳು ಫ್ರೇಮಿನಲ್ಲಿ ಕೂರುವ ಜಾಗ ಇದೆಯಲ್ಲ, ಅಲ್ಲಿ ಮಾಡೆಲ್ ನಂಬರ್ ಹೊಡೆದಿರುತ್ತಾರೆ. ಈ ಕಂಪನಿ 1957ರಿಂದ ನಂಬರ್ ಇಡಲು ಶುರು ಮಾಡಿದ್ದು. ನನ್ನದರಲ್ಲಿ ಇದ್ದದ್ದು 36. ಅಂದರೆ ಮಾಮೂಲಿ ಉಕ್ಕಿನದು. 60 ಅನ್ನುವುದು 1965ರಲ್ಲಿ ಅದೇ ಅಳತೆಯಲ್ಲಿ ಸ್ಟೇನ್‌ಲೆಸ್‌ನಲ್ಲಿ ಬಂದದ್ದು. ಆಕಾರ ಒಂದೇ, ಹೊರಗಿನಿಂದ ನೋಡಿದರೆ ಅಣ್ಣ ತಮ್ಮ ಇದ್ದ ಹಾಗೆ. ಹಿಡಿಯ ಮರ ಬಿಚ್ಚಿದೆ. ಅದರ ಕೆಳಗೆ, ಯಾರ ಕೈಯೂ ತಲುಪದ ಜಾಗದಲ್ಲಿ, ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಕಡು ನೀಲಿ ಹಾಗೇ ಉಳಿದಿತ್ತು. ಯಾರೋ ಹೊರಗಿನ ನೀಲಿಯನ್ನೆಲ್ಲ ಉಜ್ಜಿ ತೆಗೆದು ಪಾಲಿಶ್ ಮಾಡಿದ್ದರು.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಯಾಕಂದರೆ ನಮ್ಮ ಮನೆಯಲ್ಲೇ ಇದು ನಡೆದಿತ್ತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆಗೆ ಇಡುತ್ತೇವೆ. ಒಂದು ವರ್ಷ, ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ, ಅತ್ತೆ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾ, ಪಕ್ಕದಲ್ಲಿದ್ದ ಜೋಡಿ ನಳಿಗೆ ಕೋವಿಯ ತುಕ್ಕನ್ನೂ ಅದರಲ್ಲೇ ತಿಕ್ಕಿದರು. ತುಕ್ಕು ಹೋಯಿತು, ಅದರ ಜೊತೆ ಕಪ್ಪು ಬಣ್ಣವೂ ಹೋಯಿತು. ನಳಿಗೆ ಬೂದು ಬಿಳಿ. ಪ್ರೀತಿಯಿಂದಲೇ ಮಾಡಿದ ಕೆಲಸ ಅದು.

ಆಗಿದ್ದು ಏನು ಅಂತ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ. ಕೋವಿಯ ಆ ಕಪ್ಪು, ರಿವಾಲ್ವರಿನ ಆ ನೀಲಿ, ಎರಡಕ್ಕೂ ಬ್ಲೂಯಿಂಗ್ ಅನ್ನುತ್ತಾರೆ. ಅದು ಬಣ್ಣ ಬಳಿದದ್ದಲ್ಲ, ಅದೂ ಒಂದು ಥರದ ತುಕ್ಕೇ. ಕೆಂಪು ತುಕ್ಕಿನ ಬದಲು ಮ್ಯಾಗ್ನೆಟೈಟ್ ಅನ್ನುವ ಕಪ್ಪು ಆಕ್ಸೈಡ್‌ನ ತೆಳು ಪದರ. ಜೋಡಿ ನಳಿಗೆಯ ಹಳೆಯ ಕೋವಿಗಳಲ್ಲಿ ಬೇಕಂತಲೇ ತುಕ್ಕು ಬರಿಸಿ, ನೀರಲ್ಲಿ ಕುದಿಸಿ, ಉಜ್ಜಿ, ಮತ್ತೆ ಮತ್ತೆ ಹಾಗೆ ಮಾಡಿ ಆ ಪದರ ತರುತ್ತಿದ್ದರು. ಕಾರ್ಖಾನೆಗಳು ಆಮೇಲೆ ಹಿಡಿದ ದಾರಿ ಕುದಿಯುವ ಕಾಸ್ಟಿಕ್ ಉಪ್ಪಿನ ತೊಟ್ಟಿ. ಅದರಲ್ಲಿ ಜೋಡಿ ನಳಿಗೆ ಮುಳುಗಿಸಿದರೆ ಎರಡನ್ನೂ ಕೂಡಿಸಿದ ಬೆಸುಗೆಯೇ ಹಾಳಾಗಬಹುದು. ಹೇಗೆ ಮಾಡಿದ್ದರೂ ಹುಳಿ ತಾಗಿದರೆ ಪದರ ಹೋಯಿತು. ತುಕ್ಕು ತೆಗೆಯುವ ದ್ರಾವಣ ಕೆಂಪು ಯಾವುದು ಕಪ್ಪು ಯಾವುದು ಅಂತ ನೋಡಲ್ಲ. ಹಾಗಾಗಿ ಸ್ಟೇನ್‌ಲೆಸ್ ಹೌದೋ ಅಲ್ಲವೋ ಅಂತ ದಯವಿಟ್ಟು ವಿನೆಗರ್ ಹಚ್ಚಿ ಪರೀಕ್ಷೆ ಮಾಡಲು ಹೋಗಬೇಡಿ.

ಇನ್ನೊಂದು ತಪ್ಪು ನಂಬಿಕೆ ಅಯಸ್ಕಾಂತದ್ದು. ಪಾತ್ರೆ ಅಂಗಡಿಯಲ್ಲಿ ಅಂಟಿದರೆ ಕಬ್ಬಿಣ, ಅಂಟದಿದ್ದರೆ ಸ್ಟೀಲ್ ಅಂತ ನೋಡುತ್ತೇವಲ್ಲ, ಕೋವಿಗೆ ಅದು ನಡೆಯಲ್ಲ. ಇವುಗಳಿಗೆ ಸಾಮಾನ್ಯವಾಗಿ ಬಳಸುವುದು 400 ಸರಣಿಯ ಸ್ಟೇನ್‌ಲೆಸ್, ಅದಕ್ಕೆ ಅಯಸ್ಕಾಂತ ಚೆನ್ನಾಗಿಯೇ ಅಂಟುತ್ತದೆ.

ಬೆಳ್ಳಗಿರುವುದು ಉಕ್ಕಿನ ಮೇಲಿನ ನಿಕ್ಕಲ್ ಲೇಪ ಕೂಡ ಆಗಿರಬಹುದು. ಒಂದು ಸ್ಟೀಲ್ ಚಮಚ ಪಕ್ಕದಲ್ಲಿಟ್ಟು ಬಿಸಿಲಲ್ಲಿ ನೋಡಿ. ನಿಕ್ಕಲ್‌ಗೆ ತುಸು ಹಳದಿ ಛಾಯೆ, ತುಪ್ಪ ಸವರಿದ ಹಾಗೆ. ಸ್ಟೇನ್‌ಲೆಸ್ ಬೂದಿ ಕಡೆಗೆ, ಹೆಚ್ಚಾಗಿ ಉಜ್ಜಿದ ಸಣ್ಣ ಗೀರುಗಳ ಸಮೇತ. ನಳಿಗೆಯ ತುದಿಯಲ್ಲಿ, ಸಿಲಿಂಡರ್ ಅಂಚಿನಲ್ಲಿ ಸಿಪ್ಪೆ ಎದ್ದಿದ್ದರೆ ಅದು ಲೇಪವೇ, ಸ್ಟೇನ್‌ಲೆಸ್‌ಗೆ ಸಿಪ್ಪೆ ಅಂತ ಇರುವುದಿಲ್ಲ. ಸ್ಮಿತ್ ಅಂಡ್ ವೆಸ್ಸನ್‌ನ ಹಳೆಯ ನಿಕ್ಕಲ್ ರಿವಾಲ್ವರ್‌ಗಳಲ್ಲಿ ಹ್ಯಾಮರ್, ಟ್ರಿಗರ್ ಮಾತ್ರ ನೀಲಿ ಕಂದು ಮೋಡದ ಥರ ಬಣ್ಣಬಣ್ಣವಾಗಿ ಇರುತ್ತವೆ. ಅದೊಂದು ಒಳ್ಳೆಯ ಸುಳಿವು. ನಿಕ್ಕಲ್ ಅಂತ ಗೊತ್ತಾದರೆ ಅಮೋನಿಯ ಇರುವ ದ್ರಾವಣ ಹತ್ತಿರ ತರಬೇಡಿ, ಒಳಗೆ ತಾಮ್ರದ ಪದರ ಇದ್ದರೆ ಅಮೋನಿಯ ಅದನ್ನು ತಿಂದು ಹಾಕುತ್ತದೆ.

ನೀಲಿ ಇದ್ದರೂ ಅದು ಮೊದಲಿನದ್ದೇ ಅಂತ ನಂಬಬಾರದು. ನಾನು ಮೊದಲು ನೋಡುವುದು ಅಕ್ಷರಗಳನ್ನು. ಲೆನ್ಸ್ ಹಿಡಿದು ನೋಡಿದರೆ ಕಾರ್ಖಾನೆಯ ಅಕ್ಷರದ ಅಂಚು ಚೂಪಾಗಿರುತ್ತದೆ. ಉಜ್ಜಿ ಮತ್ತೆ ಬ್ಲೂ ಮಾಡಿದ್ದಾದರೆ ಬಾಯಲ್ಲಿಟ್ಟು ಚೀಪಿದ ಪೆಪ್ಪರ್‌ಮಿಂಟ್ ಥರ ಅಂಚು ಕರಗಿರುತ್ತದೆ, ಸ್ಕ್ರೂ ತೂತಿನ ಸುತ್ತ ತಟ್ಟೆಯ ಹಾಗೆ ತಗ್ಗು. ಅದೇ ನಳಿಗೆ ತುದಿ ಸವೆದು, ಸಿಲಿಂಡರ್ ಸುತ್ತ ತಿರುಗಿದ ಗೆರೆ ಬಿದ್ದಿದ್ದರೆ ನನಗೆ ಖುಷಿ. ಅದು ಪ್ರಾಮಾಣಿಕ ಸವೆತ. ಹೊಸದರಂತೆ ಕಾಣುವ ರಿಬ್ಲೂಗಿಂತ ಹಾಗೆ ಸವೆದದ್ದಕ್ಕೇ ನಾನು ಜಾಸ್ತಿ ದುಡ್ಡು ಕೊಡುತ್ತೇನೆ.

ಹೋದ ಸಲ ಊರಿಗೆ ಹೋದಾಗ ಆ ಜೋಡಿ ನಳಿಗೆಯನ್ನು ಮೇಜಿನ ಮೇಲೆ ಬಿಚ್ಚಿದೆ. ಈಗಲೂ ಬೂದು ಬಿಳಿಯೇ. ಚಿಕ್ಕಪ್ಪ, "ಮತ್ತೆ ಕಪ್ಪು ಮಾಡಿಸೋಣ್ವಾ?" ಅಂದರು. ನಳಿಗೆಯ ಕೆಳಗಿನ ಮರ ಕಳಚಿ ತೋರಿಸಿದೆ. ಹುಣಸೆಹಣ್ಣು ತಲುಪದ ಆ ಗೇಣುದ್ದ ಜಾಗದಲ್ಲಿ ಹಳೆಯ ಬಣ್ಣ ಹಾಗೇ ಇತ್ತು, ಮಳೆ ಬಿದ್ದ ಬಂಡೆಯ ಹಾಗೆ ಕಪ್ಪಗೆ. ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು. "ಬೇಡ ಬಿಡು, ಹೀಗೇ ಇರಲಿ" ಅಂತ ಅವರೇ ಎಣ್ಣೆ ಬಟ್ಟೆ ತಂದರು.