ಬಳ್ಳಾರಿಯಲ್ಲಿ ಮಹಿಳಾ ಫುಟ್‌ಬಾಲ್ ತಂಡ ಕಟ್ಟುವುದು ಹೇಗೆ?

ಹನ್ನೊಂದು ಮಂದಿ ಸಿಗಲಿ ಎಂದು ಕಾಯುತ್ತಾ ಕೂತರೆ ತಂಡ ಶುರುವಾಗುವುದೇ ಇಲ್ಲ. ಎಂಟು ಜನ ಸೇರಿದರೆ ಸಾಕು, ನಾಲ್ವರ ಎದುರು ನಾಲ್ವರು ಆಡಿ. ಆಟ ನೋಡಿದವರಲ್ಲೇ ಉಳಿದವರು ಸಿಗುತ್ತಾರೆ.

ಮೊದಲು ವೇಳೆ. ಜೀನ್ಸ್ ಹೊಲಿಯುವವರು, ಆಸ್ಪತ್ರೆ ಪಾಳಿಯವರು, ಕಾಲೇಜು ಹುಡುಗಿಯರು ಎಲ್ಲರಿಗೂ ಒಗ್ಗುವ ಹೊತ್ತು ಬೆಳಗಿನದು. ವಾರಕ್ಕೆ ಎರಡು ದಿನ ಸಾಕು, ಆದರೆ ಆ ದಿನ ತಪ್ಪಬಾರದು. ಏಪ್ರಿಲ್, ಮೇನಲ್ಲಿ ನಮ್ಮ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ಐದೂವರೆಗೇ ಮೈದಾನಕ್ಕಿಳಿದು ಏಳಕ್ಕೆ ಮುಗಿಸಿ, ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ.

ಮನೆಯವರ ಒಪ್ಪಿಗೆ. ಇದು ಫೋನಿನಲ್ಲಿ ಆಗುವ ಕೆಲಸವಲ್ಲ, ಮನೆಗೇ ಹೋಗಿ ಕೂತು ಮಾತಾಡಿ. "ಚಡ್ಡಿ ಹಾಕ್ಕೊಂಡೇ ಆಡಬೇಕೇನಮ್ಮಾ? ಯಾರ ಜೊತಿ ಬರ್ತಾಳ?" ಎಂದು ತಾಯಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. "ಇಲ್ರೀ ಅಮ್ಮಾ, ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ಅಭ್ಯಾಸ ಮಾಡಬಹುದು. ಓಣಿಯವರೆಲ್ಲ ಒಂದೇ ಆಟೊದಾಗ ಹೋಗಿ ಬರ್ತೀವಿ" ಎಂದು ಹೇಳಿ, ಹಾಗೇ ನಡೆದುಕೊಳ್ಳಿ. ತಲೆವಸ್ತ್ರ ಧರಿಸಿ ಆಡುವುದಕ್ಕೆ ಫುಟ್‌ಬಾಲ್ ನಿಯಮವೇ 2014ರಿಂದ ಅವಕಾಶ ಕೊಟ್ಟಿದೆ. ಎಷ್ಟೋ ಮನೆಗಳಿಗೆ ಇದು ಗೊತ್ತಿಲ್ಲ.

ಮೈದಾನ. ಶಾಲೆ, ಕಾಲೇಜಿನವರಿಂದ ದಿನ, ಸಮಯ ನಮೂದಿಸಿದ ಅನುಮತಿ ಪತ್ರ ಪಡೆಯಿರಿ. ಇಲ್ಲವಾದರೆ ಕ್ರಿಕೆಟ್ ಹುಡುಗರೊಡನೆ ದಿನಾ ಜಗಳ. ಶೌಚಾಲಯದ ಕೀಲಿ ಯಾರ ಹತ್ತಿರ ಎಂಬುದನ್ನೂ ಅದೇ ಪತ್ರದಲ್ಲಿ ಬರೆಸಿಕೊಳ್ಳಿ.

ಶೂ, ಚೆಂಡು. ಅಡಿಯಲ್ಲಿ ಉದ್ದ ಸ್ಟಡ್ (ಮೊಳೆಯಂಥ ಗುಬ್ಬಿ) ಇರುವ ಶೂ ಹುಲ್ಲಿಗೆ ಸರಿ. ನಮ್ಮ ಗಟ್ಟಿ ನೆಲದಲ್ಲಿ ಸ್ಟಡ್ ಮಣ್ಣಿಗಿಳಿಯದೆ ಅಂಗಾಲಿಗೇ ಒತ್ತುತ್ತದೆ, ಪಾದ ಹೊರಳುತ್ತದೆ. ಸಣ್ಣ ರಬ್ಬರ್ ಗುಬ್ಬಿಗಳ ಟರ್ಫ್ ಶೂ ತೆಗೆದುಕೊಳ್ಳಿ. ಚೆಂಡು 5ನೇ ಸೈಜಿನದು, ತೂಕ 410ರಿಂದ 450 ಗ್ರಾಂ.

ಮೊಣಕಾಲು. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಆಟಗಾರರಿಗಿಂತ ಆಟಗಾರ್ತಿಯರಿಗೆ ಎರಡು, ಮೂರು ಪಟ್ಟು ಹೆಚ್ಚು. ಫಿಫಾದ '11+' ಎಂಬ 20 ನಿಮಿಷದ ವ್ಯಾಯಾಮ ಕ್ರಮ ಇಂಥ ಗಾಯಗಳನ್ನು ತಡೆಯಲೆಂದೇ ಇದೆ: ನಿಧಾನ ಓಟ, ಬೈಠಕ್, ಒಂಟಿಗಾಲಿನ ನಿಲುವು, ಜಿಗಿತ. ಜಿಗಿದು ಇಳಿಯುವಾಗ ಎದುರು ನಿಂತು ನೋಡಿ. ಮೊಣಕಾಲುಗಳು ಒಳಕ್ಕೆ ವಾಲಿದರೆ ತಡೆದು, ಮೊಣಕಾಲು ಪಾದದ ನೇರಕ್ಕೆ ಬರುವವರೆಗೆ ಮತ್ತೆ ಮಾಡಿಸಿ. ಮುಟ್ಟಿನ ದಿನ ಆಡುವುದು ಬಿಡುವುದು ಅವಳಿಷ್ಟ, ಕಾರಣ ಕೇಳಬೇಡಿ.

ದುಡ್ಡು. ತಿಂಗಳ ವಂತಿಗೆ ಸಣ್ಣದಿರಲಿ, ಲೆಕ್ಕ ಗುಂಪಿನಲ್ಲಿ ಎಲ್ಲರಿಗೂ ಕಾಣಲಿ. ಏಳು ಸದಸ್ಯರಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳಬಹುದು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ.

ಪಂದ್ಯ. ಮೊದಲು ಹೊಸಪೇಟೆಯ ಯಾವುದಾದರೂ ಕಾಲೇಜು ತಂಡವನ್ನು ಸ್ನೇಹ ಪಂದ್ಯಕ್ಕೆ ಕರೆಯಿರಿ. ಬೆಂಚಿನಲ್ಲಿರುವ ಎಲ್ಲರನ್ನೂ ಸ್ವಲ್ಪ ಹೊತ್ತಾದರೂ ಆಡಿಸಿ. ಲೀಗ್ ಆಡುವ ಆಸೆಯಿದ್ದರೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ನೋಂದಣಿ ಬೇಕು. ಎಲ್ಲರ ಜನನ ಪ್ರಮಾಣ ಪತ್ರ, ಆಧಾರ್, ಫೋಟೊ ಈಗಿನಿಂದಲೇ ಒಂದು ಫೈಲಿನಲ್ಲಿ ಸೇರಿಸಿಡಿ. ಮದುವೆಯಾದವರ ಹೆಸರು ಎರಡು ದಾಖಲೆಗಳಲ್ಲಿ ಎರಡು ಥರ ಇದ್ದರೆ, ಅದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯಬಹುದು.