ಮಂಡ್ಯ–ಮೈಸೂರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್: ಡೀಲರ್ ಹತ್ತಿರ ಸರ್ವಿಸ್ ಮಾಡಿಸಿಕೊಳ್ಳುವ ಬಗೆ

ಪೆಟ್ರೋಲ್ ಗಾಡಿ ಕೆಟ್ಟರೆ ಹತ್ತಿರದ ಯಾವ ಗ್ಯಾರೇಜಿಗೆ ತಳ್ಳಿಕೊಂಡು ಹೋದರೂ ಹೇಗೋ ಕೆಲಸ ಆಗುತ್ತದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಬ್ರೇಕ್ ಪ್ಯಾಡ್, ಟೈರ್, ಬೇರಿಂಗ್, ಶಾಕ್ ಅಬ್ಸಾರ್ಬರ್ ಇಷ್ಟನ್ನು ಯಾರು ಬೇಕಾದರೂ ನೋಡಬಲ್ಲರು. ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್), ಮೋಟರಿಗೆ ಕರೆಂಟ್ ಹದವಾಗಿ ಕೊಡುವ ಕಂಟ್ರೋಲರ್, ಡಿಸ್‌ಪ್ಲೇ ಇವುಗಳ ದೋಷ ಓದುವ ಸಾಫ್ಟ್‌ವೇರ್ ಮಾತ್ರ ಸಾಮಾನ್ಯವಾಗಿ ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಇರುತ್ತದೆ. ಹಾಗಾಗಿ ಡೀಲರ್ ಜೊತೆಗಿನ ಮಾತೆಲ್ಲ ಕೊಳ್ಳುವ ದಿನದಿಂದಲೇ ಕಾಗದದ ಮೇಲಿರಲಿ.

ಕೊಳ್ಳುವಾಗಲೇ ಕೇಳಬೇಕಾದದ್ದು

ಶೋರೂಮ್ ಇದ್ದ ಮಾತ್ರಕ್ಕೆ ಸರ್ವಿಸ್ ಇದೆ ಎಂದಲ್ಲ. ಮಂಡ್ಯ, ಮದ್ದೂರು, ಕೆ.ಆರ್. ಪೇಟೆ ಕಡೆಯವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬ್ಯಾಟರಿ ಬಿಚ್ಚುವ ಕೆಲಸ ಇಲ್ಲೇ ಆಗುತ್ತದೋ, ಮೈಸೂರಿಗೋ ಬೆಂಗಳೂರಿಗೋ ಕಳಿಸುತ್ತೀರೋ? ಕಳಿಸುವುದಾದರೆ ಸಾಗಿಸುವ ಖರ್ಚು ಯಾರದ್ದು? ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನಗಳನ್ನು ಬಿಡುತ್ತಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಚಾರ್ಜ್ ನಿಲ್ಲದ ಗಾಡಿಯನ್ನು ಅಷ್ಟು ದೂರ ಓಡಿಸುವ ಯೋಚನೆಯೇ ಬೇಡ.

ಶೋರೂಮಿನ ಸೋಫಾಕ್ಕಿಂತ ಹಿಂದಿನ ವರ್ಕ್‌ಶಾಪ್ ನೋಡಿ. ಬ್ಯಾಟರಿ ತೆಗೆದ ಗಾಡಿಗಳು ಧೂಳು ಹಿಡಿದು ಸಾಲಾಗಿ ನಿಂತಿದ್ದರೆ ಬಿಡಿಭಾಗ ಬರುತ್ತಿಲ್ಲ ಎಂದರ್ಥ. ಅಲ್ಲಿ ಗಾಡಿ ಬಿಟ್ಟು ಕಾಯುತ್ತಿರುವವರನ್ನು ಮಾತಾಡಿಸಿದರೆ ಸೇಲ್ಸ್‌ನವರು ಹೇಳದ ಸಂಗತಿ ಐದು ನಿಮಿಷದಲ್ಲಿ ತಿಳಿಯುತ್ತದೆ.

ಬಿಲ್‌ನಲ್ಲಿ ಚಾಸಿ, ಮೋಟರ್, ಬ್ಯಾಟರಿ, ಚಾರ್ಜರ್ ನಾಲ್ಕರ ಸೀರಿಯಲ್ ನಂಬರೂ ಇರಬೇಕು. ಗಾಡಿಯ ಮೇಲಿನ ಸ್ಟಿಕ್ಕರ್ ಜೊತೆ ಒಂದೊಂದನ್ನೂ ತಾಳೆ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ನಂಬರ್ ಹೊಂದದಿದ್ದರೆ ವಾರಂಟಿ ಕ್ಲೇಮ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. 250 ವಾಟ್ ಒಳಗಿನ, ಗಂಟೆಗೆ 25 ಕಿ.ಮೀ. ಮೀರದ ಗಾಡಿಗೆ ನೋಂದಣಿ ಇಲ್ಲ, ಆರ್‌ಸಿಯೂ ಇಲ್ಲ. ಗಾಡಿ ನಿಮ್ಮದೇ ಎನ್ನಲು ಆ ಬಿಲ್ಲೇ ಆಧಾರ. ವಾರಂಟಿ ಪುಸ್ತಕದಲ್ಲಿ ಬ್ಯಾಟರಿ, ಮೋಟರ್, ಚಾರ್ಜರ್‌ಗೆ ಅವಧಿ ಬೇರೆಬೇರೆ ಇರುವುದುಂಟು. ವರ್ಷ, ಕಿಲೋಮೀಟರ್ ಎರಡೂ ಬರೆದಿದ್ದರೆ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಬ್ಯಾಟರಿ ಸಾಮರ್ಥ್ಯ ಶೇಕಡಾ ಎಷ್ಟಕ್ಕಿಂತ ಇಳಿದರೆ ಬದಲಿಸುತ್ತಾರೆ ಎಂಬ ಸಾಲನ್ನು ಹುಡುಕಿ ಗೆರೆ ಎಳೆದಿಟ್ಟುಕೊಳ್ಳಿ.

ಫೋನ್ ಮಾಡುವ ಮುಂಚೆ ಮನೆಯಲ್ಲೇ ನೋಡುವುದು

ಎಷ್ಟೋ ದೂರುಗಳು ಗಾಡಿಯ ದೋಷವೇ ಆಗಿರುವುದಿಲ್ಲ. ಚಾರ್ಜ್ ಆಗುತ್ತಿಲ್ಲವೆಂದರೆ ಅದೇ ಸಾಕೆಟ್‌ಗೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿ, ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಬಿದ್ದಿದೆಯೇ ಗಮನಿಸಿ. ಅರ್ಥಿಂಗ್ ಇಲ್ಲದ ಪಾಯಿಂಟಿನಲ್ಲಿ ಕೆಲವು ಚಾರ್ಜರ್‌ಗಳು ಶುರುವೇ ಆಗುವುದಿಲ್ಲ. ಹಳೆಯ ಮನೆಗಳಲ್ಲಿ ಇದು ಮಾಮೂಲು. 16 ಆಂಪ್ಸ್‌ನ ಮೂರು ಪಿನ್ ಪಾಯಿಂಟ್ ಹಾಕಿಸಿ, ಎಕ್ಸ್‌ಟೆನ್ಷನ್ ಬಾಕ್ಸ್ ಬಿಡಿ. ಸುತ್ತ ಪಂಪ್‌ಸೆಟ್‌ಗಳು ಓಡುವಾಗ ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲಿ ಚಾರ್ಜರ್ ತಾನಾಗಿ ಕಟ್ ಆಗಬಹುದು. ಅವು ನಿಂತ ಮೇಲೆ ಹಾಕಿ ನೋಡಿ, ಆಗಲೂ ಕಟ್ ಆದರೆ ಮಾತ್ರ ಚಾರ್ಜರ್ ಮೇಲೆ ಅನುಮಾನ ಪಡಿ.

ಪಕ್ಕದ ಮನೆಯವರ ಚಾರ್ಜರ್ ಹಾಕಿ ಪರೀಕ್ಷೆ ಮಾಡುವುದು ಮಾತ್ರ ಬೇಡ, ಪಿನ್ ಸರಿಯಾಗಿ ಕೂತರೂ ಬೇಡ. ಲಿಥಿಯಂ ಬ್ಯಾಟರಿಯಲ್ಲಿ ಎನ್‌ಎಂಸಿ, ಎಲ್‌ಎಫ್‌ಪಿ ಎಂಬ ಎರಡು ಬಗೆ ಸಾಮಾನ್ಯ. 48 ವೋಲ್ಟ್ ಎಂದು ಮಾರುವ ಗಾಡಿಗಳಲ್ಲೇ 13 ಸೆಲ್ ಸಾಲಿನ ಎನ್‌ಎಂಸಿ ಬ್ಯಾಟರಿಗೆ ಪೂರ್ತಿ ಚಾರ್ಜ್ 54.6 ವೋಲ್ಟ್, 16 ಸೆಲ್ ಸಾಲಿನ ಎಲ್‌ಎಫ್‌ಪಿಗೆ 58.4 ವೋಲ್ಟ್. ಎರಡನೆಯದರ ಚಾರ್ಜರ್ ಮೊದಲನೆಯದಕ್ಕೆ ಹಾಕಿದರೆ ಒಂದೊಂದು ಸೆಲ್ ಮೇಲೂ 4.2ರ ಬದಲು 4.5 ವೋಲ್ಟ್ ಹತ್ತಿರ ಬೀಳುತ್ತದೆ. ಆಗ ಬೆಂಕಿಗೂ ನಿಮಗೂ ನಡುವೆ ಇರುವುದು ಬಿಎಂಎಸ್ ಒಂದೇ.

ಡಿಸ್‌ಪ್ಲೇ ಬರುತ್ತದೆ, ಗಾಡಿ ಕದಲುವುದಿಲ್ಲ ಎಂದಾದರೆ ಸೈಡ್ ಸ್ಟ್ಯಾಂಡ್ ಪೂರ್ತಿ ಮೇಲೆದ್ದಿದೆಯೇ ನೋಡಿ, ಎರಡೂ ಬ್ರೇಕ್ ಲಿವರನ್ನು ಎರಡು ಮೂರು ಸಲ ಒತ್ತಿ ಬಿಡಿ. ಲಿವರ್ ಒಳಗಿನ ಕಟ್-ಆಫ್ ಸ್ವಿಚ್ ಕೆಸರಿಗೆ ಅಂಟಿಕೊಂಡರೆ ಬ್ರೇಕ್ ಹಿಡಿದೇ ಇದೆ ಎಂದುಕೊಂಡು ಕಂಟ್ರೋಲರ್ ಮೋಟರಿಗೆ ಕರೆಂಟ್ ಕೊಡುವುದಿಲ್ಲ. ಡಿಸ್‌ಪ್ಲೇಯೇ ಬಾರದಿದ್ದರೆ ಸೀಟಿನಡಿಯ ಎಂಸಿಬಿ, ಕೆಲವು ಮಾಡೆಲ್‌ಗಳಲ್ಲಿರುವ ಚಿಕ್ಕ 12 ವೋಲ್ಟ್ ಬ್ಯಾಟರಿ ನೋಡಬೇಕು. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ.

ಮೈಲೇಜ್ ಇಳಿದಿದೆ ಎನ್ನುವವರು ಮೊದಲು ಗಾಳಿ ತುಂಬಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ ಬ್ರೇಕ್ ಹಿಡಿದಿದೆಯೇ ನೋಡಲಿ. ಆಮೇಲೆ ಪೂರ್ತಿ ಚಾರ್ಜ್ ಮಾಡಿ, ದಿನಾ ಓಡಾಡುವ ದಾರಿಯಲ್ಲಿ, ಒಂದೇ ಮೋಡ್‌ನಲ್ಲಿ ಶೇ 20ರವರೆಗೆ ಓಡಿಸಿ, ಪ್ರತಿ ಶೇ 10ಕ್ಕೆ ಕಿ.ಮೀ. ಬರೆದುಕೊಳ್ಳಿ. ಇಳಿಕೆ ಸಮನಾಗಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ, ಅಷ್ಟೇ. ಶೇ 35ರಿಂದ ಒಮ್ಮೆಗೇ ಶೇ 8ಕ್ಕೆ ಬಿದ್ದರೆ ಸೆಲ್‌ಗಳ ನಡುವೆ ಸಮತೋಲ ತಪ್ಪಿರಬಹುದು. ಶೇ 100 ಆದ ಮೇಲೂ ಕೆಲವು ಗಂಟೆ ಕಂಪನಿಯ ಚಾರ್ಜರ್‌ನಲ್ಲೇ ಬಿಟ್ಟರೆ ಬಿಎಂಎಸ್ ಅದನ್ನು ಸರಿದೂಗಿಸಬಹುದು, ಆದರೆ ಕಣ್ಣಳತೆಯಲ್ಲೇ ಇರಲಿ. ಎರಡು ಮೂರು ಸಲ ಮಾಡಿದರೂ ಹಾಗೇ ಇದ್ದರೆ ಕ್ಲೇಮ್‌ಗೆ ಹೋಗಿ. ಬರೆದಿಟ್ಟ ಪಟ್ಟಿಯೇ ನಿಮ್ಮ ಸಾಕ್ಷಿ.

ಚಾಮುಂಡಿ ಬೆಟ್ಟ ಹತ್ತುವಾಗ ಇಬ್ಬರು ಕೂತು, ಬಿಸಿಲಲ್ಲಿ, ಗಾಡಿ ನಿಧಾನವಾಯಿತೆಂದು ದೂರು ಕೊಡಬೇಡಿ. ಬಿಸಿಯಾದ ಮೋಟರನ್ನು ಉಳಿಸಲು ಕಂಟ್ರೋಲರ್ ತಾನೇ ಶಕ್ತಿ ತಗ್ಗಿಸುತ್ತದೆ. ಸಮತಟ್ಟಾದ ರಿಂಗ್ ರೋಡಿನಲ್ಲೂ ಹಾಗಾದರೆ ಅದು ದೋಷ. ಹೊರಡುವಾಗ ಗಾಡಿ ತಡವರಿಸಿ ಎಳೆದರೆ ಮೋಟರ್ ಎಷ್ಟು ತಿರುಗಿದೆ ಎಂದು ಕಂಟ್ರೋಲರಿಗೆ ತಿಳಿಸುವ ಹಾಲ್ ಸೆನ್ಸರ್ ಇಲ್ಲವೇ ಅದರ ಕನೆಕ್ಟರಿಗೆ ನೀರು ಹೋಗಿರುವುದು ಸಾಮಾನ್ಯ ಕಾರಣ. ವಾಟರ್ ಸರ್ವಿಸ್‌ನ ಪ್ರೆಶರ್ ಪೈಪನ್ನು ಹಿಂದಿನ ಚಕ್ರದ ನಡುಭಾಗಕ್ಕೆ ಹಿಡಿಯಲು ಬಿಡಬೇಡಿ.

ಜಾಬ್ ಕಾರ್ಡ್

ಸರ್ವಿಸ್‌ನಲ್ಲಿ ಗೆಲ್ಲುವುದೂ ಸೋಲುವುದೂ ಗಾಡಿ ಬಿಡುವಾಗ ದೂರು ಬರೆದುಕೊಳ್ಳುವ ಈ ಚೀಟಿಯಲ್ಲೇ. ಅಡ್ವೈಸರ್ ಬರೆಯುವ ‘ಜನರಲ್ ಚೆಕಪ್’ ಎಂಬ ಎರಡು ಪದಕ್ಕೆ ಸಹಿ ಹಾಕಬೇಡಿ. ರೋಗದ ಹೆಸರು ನೀವು ಹೇಳುವುದು ಬೇಡ, ಲಕ್ಷಣ ಬರೆಸಿ. ‘ಬ್ಯಾಟರಿ ವೀಕ್’ ಎಂದರೆ ಚೆಕ್ ಮಾಡಿದೆವು, ಸರಿಯಿದೆ ಎಂದು ವಾಪಸ್ ಕೊಡುತ್ತಾರೆ. ‘ಇಕೋ ಮೋಡ್, 100ರಿಂದ 35ಕ್ಕೆ 48 ಕಿ.ಮೀ., ನಂತರ 2 ಕಿ.ಮೀ.ಯಲ್ಲಿ 8ಕ್ಕೆ ಬೀಳುತ್ತದೆ’ ಎಂದು ಬರೆಸಿದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಕಿ.ಮೀ. ರೀಡಿಂಗ್, ಚಾರ್ಜ್ ಶೇಕಡಾವಾರು, ಬ್ಯಾಟರಿ ನಂಬರ್, ಕೊಡುವ ದಿನ ಇಷ್ಟೂ ಕಾರ್ಡಿನಲ್ಲಿರಲಿ, ಪ್ರತಿ ನಿಮ್ಮ ಕೈಲಿರಲಿ. ಚಾರ್ಜ್ ತೊಂದರೆಗೆ ಗಾಡಿ ಬಿಡುವಾಗ ಚಾರ್ಜರನ್ನೂ ಒಯ್ಯಿರಿ, ಇಲ್ಲವೆಂದರೆ ಮತ್ತೊಂದು ಸಲ ಅಲೆಯಬೇಕು.

ಬ್ಯಾಟರಿ ಇಳಿಸಿಕೊಂಡು ಕಂಪನಿಗೆ ಕಳಿಸುವುದಾದರೆ ಸೀರಿಯಲ್ ನಂಬರ್ ಸಮೇತ ಪ್ರತ್ಯೇಕ ರಸೀದಿ ಪಡೆಯಿರಿ. ಬದಲಿ ಬ್ಯಾಟರಿ ಬಂದರೆ ಅದು ಹೊಸದೋ ರಿಪೇರಿಯದ್ದೋ, ವಾರಂಟಿ ಹಳೆಯ ತಾರೀಖಿನಿಂದಲೇ ಮುಂದುವರಿಯುತ್ತದೋ ಎಂಬುದನ್ನು ಬರಹದಲ್ಲಿ ಕೇಳಿ.

ಪೇಯ್ಡ್ ಸರ್ವಿಸ್ ಬಿಲ್ ಮೇಲೆ ಕಣ್ಣಿರಲಿ. ಎಂಜಿನ್ ಆಯಿಲ್, ಪ್ಲಗ್, ಏರ್ ಫಿಲ್ಟರ್ ಇಲ್ಲದ ಗಾಡಿ ಇದು. ಬ್ರೇಕ್, ಬೆಲ್ಟ್ ಅಥವಾ ಚೈನ್ ಬಿಗಿ, ನಟ್ಟು ಬೋಲ್ಟು, ಕನೆಕ್ಟರ್, ಸಾಫ್ಟ್‌ವೇರ್ ಅಪ್‌ಡೇಟ್ ಇಷ್ಟೇ ಮುಖ್ಯ ಕೆಲಸ. ಗೇರ್‌ಬಾಕ್ಸ್ ಇರುವ ಮಾಡೆಲ್‌ಗೆ ಮಾತ್ರ ಗೇರ್ ಆಯಿಲ್. ‘ಕನ್ಸ್ಯೂಮೆಬಲ್ಸ್’ ಎಂದು ದೊಡ್ಡ ಮೊತ್ತ ಕಂಡರೆ ಏನೇನು ಎಂದು ಬಿಡಿಸಿ ಕೇಳಿ. ಹಾಗಂತ ದುಡ್ಡು ಉಳಿಸಲು ಸರ್ವಿಸ್ ತಪ್ಪಿಸಬೇಡಿ, ವಾರಂಟಿ ತಿರಸ್ಕರಿಸಲು ಅದೇ ನೆಪವಾಗುತ್ತದೆ.

ದಾರಿಯಲ್ಲಿ ನಿಂತ ಗಾಡಿಗೆ ಹಗ್ಗ ಕಟ್ಟಿ ಎಳೆಯಬೇಡಿ. ಚಕ್ರ ಜೋರಾಗಿ ತಿರುಗಿದರೆ ಚಕ್ರದೊಳಗೇ ಇರುವ ಹಬ್ ಮೋಟರ್ ಡೈನಮೊದಂತೆ ಕರೆಂಟ್ ಹುಟ್ಟಿಸಿ ಕಂಟ್ರೋಲರ್ ಸುಡಬಹುದು. ಲಗೇಜ್ ಆಟೊ ಹತ್ತಿಸುವುದೇ ಸರಿ.

ಡೀಲರ್ ಕೈ ಎತ್ತಿದರೆ

ಕಂಪನಿಯ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಟಿಕೆಟ್ ನಂಬರ್ ಪಡೆಯಿರಿ, ಜಾಬ್ ಕಾರ್ಡ್ ಫೋಟೊಗಳ ಸಮೇತ ಇಮೇಲ್ ಕಳಿಸಿ. ಡೀಲರ್ ಅಂಗಡಿ ಮುಚ್ಚಿದರೂ ಕಂಪನಿ ಕೊಟ್ಟ ವಾರಂಟಿಗೆ ಕಂಪನಿಯೇ ಹೊಣೆ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಮೈಸೂರು ಅಥವಾ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹೋಗಬೇಕು. ‘ಮುಂದಿನ ವಾರ ಬರುತ್ತೆ ಸಾರ್’ ಎಂಬ ಮಾತಿಗೆ ಕಾಯುತ್ತಾ ಆ ಗಡುವು ದಾಟಿಸಿಕೊಳ್ಳಬೇಡಿ.